ಫ್ರಿಜ್ಜಿನ ಹಿಂದಿನ ಜಿರಳೆಗಳು

ಮಾರ್ಚ್ ೧೮, ಮಂಗಳವಾರ

ನನ್ನಂಥ ಪ್ರಾಣಿಶಾಸ್ತ್ರದ ಮೇಷ್ಟ್ರು ಮನೆಗೆ ಬಂದ ಮೇಲಾದರೂ ಬಾಯಿ ಮುಚ್ಚಿಕೊಂಡಿರಬೇಕು. ಸಂಜೆ ನಾನಿನ್ನೂ ಬೂಟು ಬಿಚ್ಚಿರಲಿಲ್ಲ, ಅಡುಗೆಮನೆಯಲ್ಲಿ ಇವಳು ಕಿರುಚಿಕೊಂಡಳು. ಫ್ರಿಜ್ಜಿನ ಹಿಂದಿನಿಂದ ಜಿರಳೆಗಳು ದಂಡುಗಟ್ಟಿ ಹೊರಬರುತ್ತಿದ್ದವು. ಇವಳು ಕುರ್ಚಿಯ ಮೇಲೆ ಹತ್ತಿದ್ದಳು, ಅತ್ತೆ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅವುಗಳ ಮೀಸೆಗೆ ಶಾಖ ಗೊತ್ತಾಗುತ್ತೆ," ಎಂದು ನಾನು ಶುರುಮಾಡಿದೆ. "ಸ್ವಲ್ಪ ಬಿಸಿ ಏರಿದ್ರೂ ಸಾಕು, ಮೈ ಸುಡೋದಕ್ಕೆ ಮೊದ್ಲೇ ತಣ್ಣಗಿರೋ ಕಡೆ ಓಡಿಬಿಡ್ತವೆ. ಎಂಥ ಅದ್ಭುತ ನೋಡು!"

"ರೀ, ಹಾಗಾದ್ರೆ ಅಲ್ಲಿ ಹಿಂದೆ ಏನು ಬಿಸಿಯಾಗಿದೆ?" ಎಂದಳು ಇವಳು.

ಬಗ್ಗಿ ನೋಡಿದರೆ ಪ್ಲಗ್ಗು ಕರಗಿ ಹೊಗೆಯಾಡುತ್ತಿತ್ತು. ಓಡಿಹೋಗಿ ಮೇನ್ ಆಫ್ ಮಾಡಿದೆ. ಪಾಠ ಇನ್ನೊಂದಿಷ್ಟು ಎಳೆದಿದ್ದರೆ ಮನೆಯೇ ಹೊತ್ತಿಕೊಳ್ಳುತ್ತಿತ್ತು.

ಮೇಣದಬತ್ತಿಯ ಬೆಳಕಿನಲ್ಲಿ ಊಟಕ್ಕೆ ಕುಳಿತೆವು. ಒಂದು ಜಿರಳೆ ಅತ್ತೆಯ ತಟ್ಟೆಯ ಹತ್ತಿರವೇ ಬಂತು. ನಾನು ಪೇಪರು ಸುರುಳಿ ಸುತ್ತಿ ಕೈಯೆತ್ತಿದೆ.

"ಇವತ್ತೊಂದು ದಿನ ಬಿಟ್ಬಿಡಿ ಅಳಿಯಂದ್ರೇ, ಪಾಪ," ಎಂದು ಅತ್ತೆ ತಡೆದರು. "ಮನೆ ಉಳಿಸಿದ್ದು ಅವು, ನೀವಲ್ಲ."

ಸುರುಳಿ ಬಿಡಿಸಿ, ಆ ಮಂಕು ಬೆಳಕಿನಲ್ಲೇ ಏನೋ ಓದುವವನಂತೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತೆ. ತಲೆಕೆಳಗಾಗಿ ಹಿಡಿದಿದ್ದೆನಂತೆ.