ಭಾನುವಾರದ ಸೂಜಿ

ಮಕ್ತಲ್, 8 ಸೆಪ್ಟೆಂಬರ್, ಸೋಮವಾರ

ಡಾಕ್ಟರಿಗೆ ಅರ್ಧ ಸತ್ಯ ಹೇಳಿ ಬಂದೆ. ಅದೇ ಕೊರೆಯುತ್ತಿದೆ.

ತೂಕ ಇಳಿಸಲು ವಾರಕ್ಕೊಂದು ಸೂಜಿ ಶುರುವಾಗಿ ಮೂರು ತಿಂಗಳಾಯಿತು. ಭಾನುವಾರವನ್ನು ನಾನೇ ಆರಿಸಿಕೊಂಡಿದ್ದೆ. ಮೈಲಾರ ದೇವರ ಉಪವಾಸವೂ ಅಂದೇ. ಎರಡೂ ಸೇರಿದರೆ ತೂಕ ಬೇಗ ಇಳಿಯುತ್ತದೆ ಎಂದುಕೊಂಡೆ. ನಿನ್ನೆ ಒಲೆಯ ಮುಂದೆ ಕಣ್ಣು ಕತ್ತಲಿಟ್ಟು ಕುಸಿದೆ.

ಗದ್ವಾಲಿನ ಡಾಕ್ಟರಮ್ಮ ಬಿಪಿ ನೋಡಿ, "ನಿನ್ನೆ ಏನು ತಿಂದಿದ್ರಿ?" ಅಂದರು.

"ಉಪಾಸ ಇತ್ರೀ. ದೇವ್ರದು."

ಅವರು ಬೈಯಲಿಲ್ಲ. ಔಷಧಿ ಹಸಿವನ್ನಷ್ಟೇ ಅಡಗಿಸುತ್ತದೆ, ದೇಹಕ್ಕೆ ಅನ್ನ ನೀರು ಬೇಕೇ ಬೇಕು ಎಂದರು. ಈ ತಿಂಗಳು ಡೋಸ್ ಏರಿಸಲಿಲ್ಲ.

ಮನೆಗೆ ಬಂದು ಅತ್ತೆ ಮೈಲಮ್ಮನಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಲೇ ಅಂದರು, "ಮೊದ್ಲು ಸಂಜೀಗಿ ದೇವ್ರ ಎಡಿ ಉಂಡು ಉಪಾಸ ಬಿಡ್ತಿದ್ದಿ. ಮೂರು ತಿಂಗ್ಳಾತು, ಅದನ್ನೂ ಮುಟ್ಟವಲ್ಲಿ. ಇದು ಯಾವ ದೇವ್ರ ಉಪಾಸ ಐತಿ ತಂಗಿ?"

ಮುಂದಿನ ತಿಂಗಳು ಡಾಕ್ಟರಮ್ಮನಿಗೆ ಇದನ್ನೂ ಹೇಳಬೇಕು. ಹೇಳುತ್ತೇನೋ ಇಲ್ಲವೋ.

ಅತ್ತೆ ನನ್ನ ಬರಿಗೈಯನ್ನೇ ನೋಡಿದರು. ಆಸ್ಪತ್ರೆಯಲ್ಲಿ ತೂಕಕ್ಕೆ ನಿಲ್ಲುವ ಮುಂಚೆ, ಅಷ್ಟಾದರೂ ಕಡಿಮೆ ತೋರಲಿ ಎಂದು ಕಳಚಿದ ಹಸಿರು ಬಳೆಗಳು ಇನ್ನೂ ಚೀಲದಲ್ಲೇ ಇವೆ.