ಮೊದಲು ತಾವು ದಯಮಾಡಿಸಿ

ತೆಹರಾನ್, ಹೃದಯದ ಆಸ್ಪತ್ರೆ
ಇರಾನಿ ಪಂಚಾಂಗ ೧೩೭೧, ಮೆಹರ್ ತಿಂಗಳ ಹನ್ನೊಂದು, ಶನಿವಾರ ಮಧ್ಯಾಹ್ನ

ಕಾಶಾನಿನ ಮಹಾಜನರೇ, ಮಹನೀಯರೇ, ಗೋಡೆಯಾಚೆ ಕಿವಿಯಿಟ್ಟು ನಿಂತವರೇ, ಸಕಲರಿಗೂ ಸಲಾಂ.

ಪ್ರಿಯ ಮಹ್‌ಲಕಾ, ಹೀಗೆ ಶುರುಮಾಡಿದೆನೆಂದು ಮುನಿಯಬೇಡ. ಕಾಗದ ನಿನ್ನ ಹೆಸರಿಗೆ ಬಂದರೂ ನನ್ನ ನಾದಿನಿಯರೆಲ್ಲ ಚಹಾ ಕಾಯುವ ಸಮೋವರಿನ ಸುತ್ತ ಕೂತು ಗಟ್ಟಿಯಾಗಿ ಓದಿಸಿಕೊಳ್ಳುತ್ತಾರೆಂದು ನನಗೆ ಗೊತ್ತಿಲ್ಲವೇ? ಜನ್ಮವೆಲ್ಲ ಚಹಾದಂಗಡಿಯಲ್ಲಿ ಕೋಲು ಬೀಸಿ ವೀರರ ಕಥೆ ಹೇಳಿದ ಗಂಟಲು ಇದು. ಒಬ್ಬಳಿಗೇ ಮಾತಾಡುವುದನ್ನು ಕಲಿಯಲಿಲ್ಲ. ಬಂದು ವಾರವಾದರೂ ಬರೆಯದಿದ್ದುದಕ್ಕೆ ಕ್ಷಮಿಸು. ಇಲ್ಲಿ ರಕ್ತ ತೆಗೆಯುವವರು ಬಲಗೈಯನ್ನೇ ಹಿಡಿದುಕೊಂಡಿದ್ದರು.

ಪಕ್ಕದ ಮಂಚದಲ್ಲಿ ಇಸ್ಫಹಾನಿನ ಮಿಠಾಯಿ ವ್ಯಾಪಾರಿ ಹಾಜಿ ಯದುಲ್ಲಾ ಇದ್ದಾರೆ. ಸಕ್ಕರೆ ಮುಟ್ಟುವ ಹಾಗಿಲ್ಲ, ಆದರೆ ದಿಂಬಿನ ಕೆಳಗೆ ಪಿಸ್ತಾ ಮಿಠಾಯಿಯ ಪೆಟ್ಟಿಗೆ ಇದೆ. ನಮ್ಮಿಬ್ಬರ ಮನಸ್ಸನ್ನು ನೋಡಿಕೊಳ್ಳಲು ತಲ್ಅತ್ ಖಾನಂ ಎಂಬ ನರ್ಸ್. ಸೂಜಿಯಿಲ್ಲ, ಗುಳಿಗೆಯಿಲ್ಲ, ಕುರ್ಚಿ ಎಳೆದುಕೊಂಡು ಕೂರುವುದು, ಭಯ ಕೇಳುವುದು, ಪ್ರಾರ್ಥನೆ ನೆನಪಿಸುವುದು, ಅದೇ ಆಕೆಯ ಕೆಲಸ.

"ಉಸ್ತಾದ್, ನಿಮ್ಗೆ ಏನು ಭಯ?" ಎಂದಳು ಮೊದಲ ದಿನ.

ನಾನು ಎದ್ದು ಕೂತು, ಏಳು ತಲೆಯ ರಾಕ್ಷಸನನ್ನು ಒಂದೇ ಏಟಿಗೆ ಕೆಡವಿದ ವೀರನ ಪ್ರಸಂಗವನ್ನು ಕುದುರೆಯ ಹೇಷಾರವ ಸಮೇತ ಹೇಳಿದೆ.

ಆಕೆ ಪೂರ್ತಿ ಕೇಳಿ, "ಚೆನ್ನಾಗಿತ್ತು. ನಾನು ಕೇಳಿದ್ದಕ್ಕೆ ಉತ್ತರ ಬರ್ಲಿಲ್ಲ, ಸದ್ದು ಬಂತು" ಎಂದಳು.

ಮರುದಿನ, ಎದೆ ಹಗುರಾಗಲು ಮನಸ್ಸಿನಲ್ಲೇ ಪ್ರವಾದಿಯವರ ಮೇಲಿನ ಸಲವಾತ್ ಪ್ರಾರ್ಥನೆ ಹೇಳಿಕೊಳ್ಳಿ ಎಂದಳು. ನನ್ನ ಮನಸ್ಸಿಗೆ ಗೋಡೆಗಳಿಲ್ಲವೆಂದು ಆಕೆಗೇನು ಗೊತ್ತು? ನಾನು ಸಲವಾತ್ ಕೂಗಿದೆ. ಸಲವಾತ್ ಕೂಗಿದವನಿಗೆ ಕೇಳಿದವರು ಮರುದನಿ ಕೊಡದಿರುವುದು ಉಂಟೇ? ವಾರ್ಡಿಗೆ ವಾರ್ಡೇ ಗುಡುಗಿತು. ಹಾಸಿಗೆ ಬಿಟ್ಟು ಏಳಬಾರದವರು ಎದ್ದರು. ಗೋಡೆಯ ಯಂತ್ರಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ದೊಡ್ಡ ಡಾಕ್ಟರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದರು.

ಆದರೆ ನಿಜವಾದ ಮಹಾಪ್ರಸಂಗ ಇವತ್ತು ಬೆಳಗಿನದು. ನಮ್ಮಿಬ್ಬರಿಗೂ ಇವತ್ತೇ ಎದೆ ತೆರೆಯುವುದೆಂದು ಗೊತ್ತಾಗಿತ್ತು. ಗಾಲಿಮಂಚ ಬಂದು ಹಾಜಿಯವರ ಪಕ್ಕ ನಿಂತಿತು.

ಹಾಜಿ ಎದೆಯ ಮೇಲೆ ಕೈಯಿಟ್ಟು, "ಉಸ್ತಾದ್ ಇರೋವಾಗ ನಾನು ಮುಂದೆ ಹೋಗೋದೇ? ಮೊದ್ಲು ತಾವು ದಯಮಾಡ್ಸಿ" ಎಂದರು.

"ಎಲ್ಲಾದ್ರೂ ಉಂಟೇ? ತಾವು ಮಕ್ಕಾ ನೋಡಿ ಬಂದೋರು. ತಮ್ಮ ಪಾದದ ಧೂಳಿ ನಾನು."

"ನಿಮ್ಮ ಕಥೆ ಕೇಳಿ ಬದುಕಿದ ಕಿವಿ ಇದು. ನನ್ನಾಣೆ, ತಾವೇ."

"ನನ್ನ ಹೆಣ ನೋಡ್ತೀರಿ, ಹಾಜಿ ಸಾಹೇಬ್ರೇ, ನಾನು ಮೊದ್ಲು ಹೋದ್ರೆ."

ಇದು ಸೂಕ್ತವಾದ ಆಣೆಯಲ್ಲ ಎಂದು ಆಮೇಲೆ ಹೊಳೆಯಿತು. ಗಾಲಿಮಂಚ ಅವರ ಹತ್ತಿರ, ನನ್ನ ಹತ್ತಿರ, ಮತ್ತೆ ಅವರ ಹತ್ತಿರ ಓಡಾಡಿತು. ಒಳಗೆ ಕೈಗವಸು ಹಾಕಿಕೊಂಡ ಡಾಕ್ಟರು ಕಾದು ಕಾದು, ಬಾಗಿಲ ಪಕ್ಕದ ಮಂಚದವನನ್ನು ಕರೆದೊಯ್ದರು. ಅವನು ಫೂಮನ್ ಊರಿನ ಕಡೆಯ ಎಮ್ಮೆ ಸಾಕುವವ. ಉಪಚಾರ ಗಿಪಚಾರ ಇಲ್ಲದೆ ಹಾರಿ ಮಲಗಿಕೊಂಡ.

ಡಾಕ್ಟರು ಹೊರಬಂದು, "ಇದು ಆಪರೇಷನ್ ಕೋಣೆ, ಮದುವೆಮನೆ ಬಾಗಿಲಲ್ಲ. ನಾಳೆ ಉಸ್ತಾದ್ ಮೊದ್ಲು, ಹಾಜಿ ಆಮೇಲೆ. ಬಾಯಿ ಬಿಟ್ರೆ ಇಬ್ರನ್ನೂ ಮನೆಗೆ ಕಳಿಸ್ತೀನಿ" ಎಂದರು.

ತಲ್ಅತ್ ಖಾನಂ ನಮ್ಮ ಮಂಚಗಳ ನಡುವೆ ಕುರ್ಚಿ ಹಾಕಿದಳು. "ಉಪಚಾರ ತೆಗೆದು ಪಕ್ಕಕ್ಕಿಡಿ. ಕೆಳಗೆ ಏನಿದೆ?"

ಹಾಜಿ ದಿಂಬಿನ ಕೆಳಗೆ ಕೈಹಾಕಿ ಪೆಟ್ಟಿಗೆ ಒಪ್ಪಿಸಿಬಿಟ್ಟರು. ಆಕೆ ಕೇಳಿದ್ದು ಅದನ್ನಲ್ಲ. ಆಮೇಲೆ ಸಣ್ಣಗೆ, "ಹೊರಗೆ ಬೆಂಚಲ್ಲಿ ನನ್ನ ಹೆಂಡ್ತಿ ಕೂತಿದಾಳೆ. ನಾನು ಹೊರಗೆ ಬರದೇ ಹೋದ್ರೆ, ಅವ್ಳು ಎದ್ದು ಹೋಗೋದು ಎಲ್ಲಿಗೆ ಅಂತ ಭಯ" ಎಂದು ಅತ್ತರು. ಆಕೆ ಅವರ ಕೈ ಹಿಡಿದು ಕೂತಳು. ಅತ್ತ ಮೇಲೆ ಅವರು ಮಗುವಿನ ಹಾಗೆ ನಿದ್ದೆಹೋದರು.

ನನ್ನ ಕಡೆ ತಿರುಗಿದಳು. ನನ್ನ ಗಂಟಲಿನಲ್ಲಿ ಒಂದು ಕುದುರೆಯೂ ಕೆನೆಯಲಿಲ್ಲ. "ಬರೆದು ಕೊಡ್ತೀನಿ" ಎಂದೆ.

"ಬರೀರಿ. ನನಗಲ್ಲ" ಎಂದಳು.

ಹಾಜಿಯವರ ಸೋದರಳಿಯ ಲಾರಿಯಲ್ಲಿ ಈಗಲೇ ಊರಿಗೆ ಹೊರಟಿದ್ದಾನೆ. ಸಂಜೆಯೊಳಗೆ, ದಾರಿಯಲ್ಲೇ ಸಿಗುವ ಕಾಶಾನಿನಲ್ಲಿ ನಿನ್ನ ಕೈಗೆ ಇದನ್ನು ಕೊಡುತ್ತಾನೆ. ದಾಳಿಂಬೆ ಗಿಡಕ್ಕೆ ನೀರು ಹಾಕು. ನಿನ್ನ ಮಂಡಿನೋವು ಕಡಿಮೆಯಾಗಲಿ. ದೇವರು ನಿನ್ನ ನೆರಳನ್ನು ನನ್ನ ತಲೆಯ ಮೇಲಿಂದ ತೆಗೆಯದಿರಲಿ.

ನಿನ್ನ
ಖೊದಾದಾದ್

ಮರೆತ ಮಾತು: ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ನಾನು ಹೊರಡುವಾಗ ನೀನು "ಜೊತೆಗೆ ಬರ್ಲಾ?" ಎಂದು ಕೇಳಿದೆ. ಬೇಡ ಎಂದೆ. ಬಾಗಿಲಲ್ಲಿ ಮತ್ತೆ ಕೇಳಿದೆ, ನಾನು ಮತ್ತೆ ಬೇಡ ಎಂದೆ. ಬಸ್ಸಿನ ಕಿಟಕಿಯ ಹತ್ತಿರವೂ ಕೇಳಿದೆ, "ನಿನ್ನ ಮಂಡಿ ಮುಖ್ಯ" ಎಂದೆ. ಮಹ್‌ಲಕಾ, ಒಂದು ಲೋಟ ಚಹಾಕ್ಕೂ, ಮೂರು ಸಲ ಬೇಡವೆಂದ ನೆಂಟರನ್ನು ನೀನು ಇನ್ನೊಂದು ಸಲ ಒತ್ತಾಯಿಸುತ್ತೀಯಲ್ಲ. ನನ್ನನ್ನೇಕೆ ಅಷ್ಟಕ್ಕೇ ಬಿಟ್ಟುಬಿಟ್ಟೆ? ಫೋನಿನಲ್ಲಿ ನೀನು ಕೇಳಿದರೆ ಈ ನಾಲಿಗೆ ಮತ್ತೆ ಬೇಡ ಎನ್ನುತ್ತದೆ, ಅದಕ್ಕೇ ಕಾಗದ. ಹಾಜಿಗೆ ಬೆಂಚಿನಲ್ಲಿ ಕೂತವಳ ಭಯ. ನನಗೆ ಖಾಲಿ ಬೆಂಚಿನದು.

ಕಾಶಾನಿನ ರಾತ್ರಿಯ ಬಸ್ಸು ಬೆಳಗಿನ ಜಾವ ಫಜ್ರ್ ನಮಾಜಿನ ಹೊತ್ತಿಗೆಲ್ಲ ಇಲ್ಲಿಗೆ ಬರುತ್ತದೆ. ನಾಳೆ ಬೆಳಿಗ್ಗೆ ಅವರು ನನ್ನ ಹೆಸರು ಕೂಗಿದಾಗ ನಾನು ಯಾರಿಗೂ "ಮೊದಲು ತಾವು" ಎನ್ನುವುದಿಲ್ಲ. ಬಾಯಿಮುಚ್ಚಿಕೊಂಡು ಗಾಲಿಮಂಚದ ಮೇಲೆ ಮಲಗುತ್ತೇನೆ, ಬಾಗಿಲು ದಾಟುವ ಮುಂಚೆ ಕತ್ತೆತ್ತಿ ಆ ಬೆಂಚಿನ ಕಡೆ ಒಂದು ಸಲ ನೋಡುತ್ತೇನೆ.