ಗೋಡೆ ಬಡಿದವಳಿಗೆ

ವಿನೋಬನಗರ, ಶಿವಮೊಗ್ಗ
೧೧-೨-೨೦೨೪

ಪ್ರೀತಿಯ ಹಾಲಮ್ಮಕ್ಕನಿಗೆ ದುರ್ಗಮ್ಮಳ ನಮಸ್ಕಾರ.

ಭದ್ರಾವತಿಯಲ್ಲಿ ನೀನೂ ಮಗಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತು, ಬೈಯಬೇಡ. ಅಕ್ಷರ ಸೊಟ್ಟಗಿವೆ, ಎಡಗೈಯಲ್ಲಿ ಬರೆದವು. ಬಲಗೈ ಮಣಿಕಟ್ಟು ಮುರಿದಿದೆ, ನಮ್ಮ ಮನೆಯವರದೇ ಕೆಲಸ. ಫೋನಿನಲ್ಲಿ ಹೇಳೋಣವೆಂದರೆ ಮಗ ಮುರಳಿ ಪಕ್ಕದಲ್ಲೇ ಇರುತ್ತಾನೆ.

ಇವರಿಗೆ ಮರೆವಿನ ಕಾಯಿಲೆ ಅಂತ ನಿನಗೆ ಗೊತ್ತಲ್ಲ. ಉಂಡದ್ದು ಮರೆತು ತಟ್ಟೆ ಎಸೆಯುತ್ತಾರೆ, ಬಡಿಸಿದವಳನ್ನೇ ಬಡಿಯುತ್ತಾರೆ. ಹೊಡೆಯುವುದೊಂದು ಮರೆತಿಲ್ಲ ನೋಡು. ಆಸ್ಪತ್ರೆಯ ಮಾತ್ರೆಗಳ ಜೊತೆಗೆ ಇದೂ ಇರಲಿ ಎಂದು ಮುರಳಿ ಸವಳಂಗ ರಸ್ತೆಯಲ್ಲಿರುವ ಚೀನೀ ಸೂಜಿ ಚಿಕಿತ್ಸೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಡಾಕ್ಟರ್ ಮೇಧಾ ಅಂತ, ಚಿಕ್ಕ ಹುಡುಗಿ. ಮೂರು ಬೆರಳಿಟ್ಟು ನಾಡಿ ನೋಡಿದಳು, ನಾಲಿಗೆ ಚಾಚಿಸಿದಳು. ಅವರ ವೈದ್ಯದಲ್ಲಿ ಸಿಟ್ಟು ಲಿವರಿನಲ್ಲಿ ಕೂತಿರುತ್ತದಂತೆ, ನುಂಗಿದ ದುಃಖವೂ ಅಲ್ಲೇ ಗಂಟಾಗುತ್ತದಂತೆ. ಮರೆವು ವಾಸಿಯಾಗುತ್ತದೆಂದು ಸುಳ್ಳು ಹೇಳುವುದಿಲ್ಲ, ಸಿಟ್ಟು ಸ್ವಲ್ಪ ತಗ್ಗಬಹುದು ಎಂದಳು. ಈ ಸಿಟ್ಟು ಯಾವಾಗಿನಿಂದ ಎಂದು ಕೇಳಿದಳು.

"ಕಾಯಿಲೆ ಬಂದ್ಮೇಲೇ ಮೇಡಂ. ಮೊದ್ಲು ಅಪ್ಪ ದೇವ್ರಂಥ ಮನುಷ್ಯ," ಎಂದ ಮುರಳಿ.

ದೇವರಂಥ ಮನುಷ್ಯನಂತೆ ಅಕ್ಕ! ಆಗ ಪೇಪರ್ ಮಿಲ್ಲಿನ ಕಾಗದನಗರದ ಕ್ವಾರ್ಟರ್ಸಿನಲ್ಲಿ ಇವರು ನನ್ನ ತಲೆಯನ್ನು ಗೋಡೆಗೆ ಚಚ್ಚುವಾಗ ಆಚೆ ಮನೆಯಿಂದ ಲಟ್ಟಣಿಗೆಯಲ್ಲಿ ಅದೇ ಗೋಡೆ ಬಡಿಯುತ್ತಿದ್ದವಳು ನೀನು. ಆ ಸದ್ದಿಗೆ ನಾಚಿ ಕೈಬಿಡುತ್ತಿದ್ದರು. ಪುಟ್ಟ ಮುರಳಿ ಓಡಿಬಂದು ನಿನ್ನ ಮಂಚದಡಿ ಸೇರುತ್ತಿದ್ದ. ಅದೆಲ್ಲ ಅವನಿಗೆ ಈಗ ನೆನಪಿಲ್ಲವೋ, ನೆನಪೇ ಬೇಡವೋ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹೇಳಲು ಬಾಯಿ ತೆರೆದವಳು ಮಗನ ಮುಖ ನೋಡಿ ಇವರ ಅಂಗಿಯ ಗುಂಡಿ ಸರಿಮಾಡಿದೆ. ಮೇಧಾ ನನ್ನ ನಾಡಿಯನ್ನೂ ಹಿಡಿದು ನೋಡಿ, ನಿಮಗೂ ಸೂಜಿ ಬೇಕಮ್ಮ, ಇದು ಹಳೇ ಗಂಟು ಎಂದಳು. ಅಲ್ಲೇ ಅತ್ತುಬಿಟ್ಟೆ.

ಮೊದಲ ಸಲ ಇವರು ಸೂಜಿಗಳನ್ನು ಕಿತ್ತೆಸೆದು ಟ್ರೇ ನನ್ನ ಮೇಲೆ ಬೀಸಿದರು. ಈಗೀಗ ಸ್ವಲ್ಪ ಹೊತ್ತು ನಿದ್ದೆ ಮಾಡುತ್ತಾರೆ.

ನಿನ್ನ ಮಗಳಿಗೆ ನನ್ನ ಆಶೀರ್ವಾದ ತಿಳಿಸು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದು ಬಿಡಬೇಡ ಮಾರಾಯ್ತಿ, ದೇವರು ನಿನ್ನನ್ನು ಓಡಾಡಿಸಿಕೊಂಡಿರಲಿ.

ನಿನ್ನ
ದುರ್ಗಮ್ಮ

ತಾ.ಕ.: ಕೈ ಮುರಿದದ್ದು ಹೇಗೆಂದು ಬರೆಯಬಾರದೆಂದಿದ್ದೆ. ಹೋದ ತಿಂಗಳು ಸೂಜಿ ಹಾಕುವಾಗ ಇವರು ಮೇಧಾಳ ಕೈ ಹಿಡಿದು, "ದುರ್ಗೀ, ತುಂಬಾ ಹೊಡ್ದುಬಿಟ್ಟೆ ಕಣೇ. ಕ್ಷಮಿಸ್ಬಿಡು," ಎಂದು ಅತ್ತರು. ಜೀವಮಾನವೆಲ್ಲ ಕಾದ ಮಾತು. ನಾನೇ ದುರ್ಗಿ ಎಂದು ಹತ್ತಿರ ಹೋದೆ. ಯಾರೇ ನೀನು ಎಂದು ಎದೆಗೆ ಒದ್ದರು, ಕೈಯೂರಿ ಬಿದ್ದೆ.

ಪಟ್ಟಿ ಹಾಕಿಸಿಕೊಂಡು ಬರುವಾಗ ಮುರಳಿ, "ಕಾಯಿಲೆ ಅಮ್ಮ, ಇಲ್ಲದ್ದೆಲ್ಲ ಮಾತಾಡ್ತಾರೆ," ಎಂದ. ಇಲ್ಲದ್ದಲ್ಲ ಎಂದು ಅವನಿಗೆ ಹೇಳಬಲ್ಲವಳು ನೀನೊಬ್ಬಳೇ. ಒಂದು ಸಲ ಬಾ ಅಕ್ಕ.